ನಗುವವರಿಗೆ ನೀರಿಲ್ಲ

ನಮ್ಮ ಗ್ರಾಮ ಪಂಚಾಯತಿನಲ್ಲಿ ಭಾವನೆ ಇಲ್ಲದ ದೂರುಗಳನ್ನು ಈಗ ಸ್ವೀಕರಿಸುವುದಿಲ್ಲ. ಇದು ಸರಿಯಾದ ಪದ್ಧತಿ. ಇದರ ಬಗ್ಗೆ ಹೊರಗಿನವರು ಏನೇನೋ ಮಾತಾಡುತ್ತಾರೆಂದು ಕೇಳಿಬಂದ ಕಾರಣ, ನಡೆದದ್ದನ್ನು ನಡೆದ ಹಾಗೆ, ಒಂದು ಕೂದಲಿನಷ್ಟೂ ಹೆಚ್ಚು ಮಾಡದೆ, ಸಾರ್ವಜನಿಕರ ಅವಗಾಹನೆಗೆ ತರುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಬೇರೆ ಯಾರ ಮೇಲೆ ಬೀಳಬೇಕು? ಈ ಸುತ್ತಿನಲ್ಲಿ ಸುಳ್ಳು ಹೇಳದವ ನಾನೊಬ್ಬನೇ. ಇನ್ನೊಬ್ಬ ಇದ್ದ, ತೀರಿಹೋದ.

ನನ್ನ ಹೆಸರು ಭೋಜ. ಶಾಲೆಯ ಒಳಗೆ ಹೋದವನಲ್ಲ. ಒಂದೇ ಒಂದು ಸರ್ತಿ ಶಾಲೆಯ ಮಾಡಿಗೆ ಹತ್ತಿದ್ದೇನೆ, ಹೆಂಚು ಬದಲಿಸಲಿಕ್ಕೆ; ಆದ ಕಾರಣ ವಿದ್ಯೆಯನ್ನು ಮೇಲಿನಿಂದ ನೋಡಿದವ ಎಂದು ಹೇಳಬಹುದು. ಕನ್ನಡ ಕಲಿತದ್ದು ಯಕ್ಷಗಾನದ ಮೇಳದಲ್ಲಿ ಪರದೆ ಹಿಡಿಯುತ್ತಾ. ಅಕ್ಷರ ಕಲಿತದ್ದು ಗೋಡೆಗೆ ಅಂಟಿಸಿದ ಆಟದ ಪೋಸ್ಟರುಗಳಿಂದ. ಹಾಗಾಗಿ ಮೊದಮೊದಲು ನಾನು ಬರೆದದ್ದನ್ನು ಓದಬೇಕಾದರೆ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಬೇಕಿತ್ತು.

ನಮ್ಮ ಊರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರಕ್ಕೂ ಸರಿಯಾಗಿ ನಡುವೆ ಉಂಟು. ಯಾವ ತಾಲೂಕಿನವರನ್ನು ಕೇಳಿದರೂ ನಾವು ಆಚೆ ತಾಲೂಕಿನವರು ಎನ್ನುತ್ತಾರೆ. ಊರಿನ ತುದಿಗೆ ಕುಂಟಾಲಗುಡ್ಡೆ. ಗುಡ್ಡೆಯ ಮೇಲೆ ನನ್ನ ಮನೆ, ಪಕ್ಕದಲ್ಲಿ ಖದೀಜಮ್ಮನ ಮನೆ, ಮತ್ತೆ ಅಲ್ಲೊಂದು ಇಲ್ಲೊಂದು ಎಂದು ಒಂದಷ್ಟು ಮನೆಗಳು. ಕೆಳಗೆ ಬಯಲಿನಲ್ಲಿ ಪಂಚಾಯತಿನ ಬಾವಿ. ಬಾವಿಯ ನೀರು ಗುಡ್ಡೆ ಹತ್ತುವುದು ಮೋಟಾರಿನಿಂದ. ಆ ಮೋಟಾರು ಈ ಬೇಸಿಗೆಯಲ್ಲಿ ಸುಟ್ಟುಹೋಯಿತು.

ಸುಟ್ಟ ಮೋಟಾರನ್ನು ಬಿ.ಸಿ.ರೋಡಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಅಬ್ದುಲ್ ರವೂಫರಲ್ಲಿಗೆ ಕೊಂಡುಹೋದರು. ರವೂಫರು ಒಂದೇ ದಿನದಲ್ಲಿ ಸರಿ ಮಾಡಿದರು. ಆದರೆ ಆದೇಶ ಇಲ್ಲದೆ ಪಂಚಾಯತಿನ ಮೋಟಾರನ್ನು ಯಾರ ಕೈಗೆ ಕೊಡುವುದು? ಅವರು ಅದನ್ನು ಒರೆಸಿ, ಮೇಲೊಂದು ಮೈ ಒರೆಸುವ ಬೈರಾಸು ಹೊದೆಸಿ, ಅಂಗಡಿಯ ಒಳಗೆ ನೆರಳಿನಲ್ಲಿ ಇಟ್ಟರು. ಹೋಗಿ ನೋಡಿ ಬಂದವರು, "ಮೋಟಾರು ಆರೋಗ್ಯವಾಗಿ ಉಂಟು, ನಮ್ಮನ್ನೆಲ್ಲ ಕೇಳಿದೆ" ಎಂದು ಹೇಳುತ್ತಿದ್ದರು.

ಗುಡ್ಡೆಯ ನಮಗೆಲ್ಲ ಕಷ್ಟ ಆಯಿತು, ಆದರೆ ಖದೀಜಮ್ಮನಿಗೆ ಆದದ್ದು ಬೇರೆಯೇ ಕಷ್ಟ. ಅವರ ಒಬ್ಬಳೇ ಮಗಳು ನುಸ್ರತಳ ಮದುವೆ ಕಲ್ಲಡ್ಕದ ಹುಡುಗನಿಗೆ ನಿಶ್ಚಯವಾಗಿತ್ತು. ಮದುವೆ ಮನೆಯ ಅಂಗಳದಲ್ಲೇ ಆಗಬೇಕು, ಹಾಲ್ ಬೇಡ ಎಂದು ಅವರ ಗಂಡ ಕಣ್ಣು ಮುಚ್ಚುವ ಮೊದಲು ಹೇಳಿಹೋಗಿದ್ದರು. ಊರಿಗೆಲ್ಲ ಊಟ. ನೀರಿಲ್ಲದೆ ಅನ್ನ ಬೇಯುತ್ತದೋ? ಟ್ಯಾಂಕರು ನಮ್ಮ ಗುಡ್ಡೆ ಹತ್ತುವುದಿಲ್ಲ. ಹತ್ತಲು ನೋಡಿದ ಒಂದು ಟ್ಯಾಂಕರು ಹಿಂದಕ್ಕೆ ಜಾರಿ ಹೊರಟದ್ದು, ಸಿದ್ಧಕಟ್ಟೆಯ ತನಕ ರಿವರ್ಸಿನಲ್ಲಿಯೇ ಹೋಗಿ, ಅಲ್ಲಿ ಡ್ರೈವರು ಒಂದು ಚಾ ಕುಡಿದ ಮೇಲೆಯೇ ನಿಂತದ್ದು.

ಈಗ ಪದ್ಧತಿಯ ವಿಷಯಕ್ಕೆ ಬರುವ.

ಮೋಟಾರು ಸುಟ್ಟ ವಾರವೇ ನಮ್ಮ ಪೇಟೆಯ ಬಸ್ಸು ತಂಗುದಾಣಕ್ಕೆ ಹಳದಿ ಬಣ್ಣ ಬಳಿದಿದ್ದರು. ಅದನ್ನು ನೋಡಿ ಒಂದು ಗುಂಪಿನವರ ಭಾವನೆಗೆ ಧಕ್ಕೆ ಆಯಿತು. ಯಾಕೆ ಆಯಿತು ಎಂದು ಕೇಳಬಾರದು, ಕೇಳಿದರೆ ಅದೂ ಧಕ್ಕೆ. ಬೊಬ್ಬೆ ಎದ್ದಿತು. ಊಟದ ಹೊತ್ತಿಗೆ ಪಂಚಾಯತಿನವರು ಅದನ್ನು ಕೆಂಪು ಮಾಡಿದರು. ಕೆಂಪಿನಿಂದ ಇನ್ನೊಂದು ಗುಂಪಿಗೆ ಧಕ್ಕೆ. ಚಾದ ಹೊತ್ತಿಗೆ ನೇರಳೆ. ನೇರಳೆಯಿಂದ ಎರಡೂ ಗುಂಪುಗಳಿಗೆ ಒಟ್ಟಿಗೇ ಧಕ್ಕೆಯಾಗಿ ಊರಿನಲ್ಲಿ ಐಕ್ಯತೆ ಮೂಡಿತು. ಸಂಜೆಗೆ, ನೋಡಿದರೆ ಬಣ್ಣ ಎಂದೇ ಅನಿಸದ ಒಂದು ಬಣ್ಣ ಬಳಿದರು. ಆ ದಿನ ಅಲ್ಲಿ ಒರಗಿ ಕೂತ ಪ್ರಯಾಣಿಕರು ಎಲ್ಲ ಬಣ್ಣಗಳನ್ನೂ ಬೆನ್ನಿನಲ್ಲಿ ಹೊತ್ತು ಬೆಳ್ತಂಗಡಿಗೆ ಇಳಿದಾಗ, ಅಲ್ಲಿಯವರು ಇದು ಯಾವ ಪಕ್ಷದ ಮೆರವಣಿಗೆ ಎಂದು ವಿಚಾರಿಸಿದರಂತೆ.

ನಮ್ಮ ಪಂಚಾಯತಿನ ಪಿಡಿಒ ಶ್ರವಣ್ ಎಂಬವರು. ಒಳ್ಳೆಯ ಜನ, ಘಟ್ಟದ ಮೇಲಿನವರು. ಬಂದು ಎಷ್ಟೋ ಸಮಯವಾದರೂ ತುಳು ಹತ್ತಲಿಲ್ಲ. 'ಬರ್ಪೆ', ಅಂದರೆ ಹೋಗಿ ಬರ್ತೇನೆ ಎಂದು ಹೇಳಿ ಅಲ್ಲಿಯೇ ಕೂತಿರುತ್ತಾರೆ. ತಂಗುದಾಣದ ಬಣ್ಣ ಒಂದೇ ದಿನದಲ್ಲಿ ಮೂರು ಸಲ ಬದಲಾದದ್ದನ್ನೂ, ಮೋಟಾರು ಮಾತ್ರ ಬೈರಾಸಿನ ಅಡಿಯಲ್ಲಿ ಮಲಗಿರುವುದನ್ನೂ ಅವರು ಗಮನಿಸಿದರು. ಬೇರೆಯವರಾದರೆ ನಾಚಿಕೊಳ್ಳುತ್ತಿದ್ದರು. ಅವರು ಆಲೋಚಿಸಿದರು. ಅದೇ ಸಮಯಕ್ಕೆ ಮಿಜಾರಿನ ಹತ್ತಿರ ಅಧಿಕಾರಿಗಳಿಗೆ ಒಂದು ತರಬೇತಿ ಇತ್ತು. ಎಲ್ಲಿಂದಲೋ ಬಂದ ಒಬ್ಬ ದೊಡ್ಡ ಜನ, "ಸಾರ್ವಜನಿಕ ಜೀವನ ನಡೆಯುವುದು ಕಾರಣದಿಂದಲ್ಲ, ಭಾವನೆಯಿಂದ" ಎಂದು ಗೋಡೆಗೆ ಚಿತ್ರ ಬಿಟ್ಟು ತೋರಿಸಿದರಂತೆ. ಊಟಕ್ಕೆ ಹೋಳಿಗೆಯೂ ಇತ್ತಂತೆ. ಶ್ರವಣ್ ಅವರು ಹೊಸ ಮನುಷ್ಯನಾಗಿ ಮರಳಿದರು. ಮರುದಿನ ಪಂಚಾಯತಿನ ಬಾಗಿಲಿಗೆ ಹೀಗೊಂದು ಪ್ರಕಟಣೆ ಅಂಟಿತು:

"ಇನ್ನು ಮುಂದೆ ಸಾರ್ವಜನಿಕರ ದೂರುಗಳನ್ನು ಅವುಗಳಲ್ಲಿ ಅಡಕವಾಗಿರುವ ಭಾವನೆಯ ತೀವ್ರತೆಯನ್ನು ಅನುಸರಿಸಿ ವಿಲೇವಾರಿ ಮಾಡಲಾಗುವುದು. ಭಾವನೆಯು ದೂರುದಾರರ ಸ್ವಂತದ್ದಾಗಿರತಕ್ಕದ್ದು. ಅದನ್ನು ಕಚೇರಿಯ ಭಾಷೆಯಾದ ಕನ್ನಡದಲ್ಲಿಯೇ ವ್ಯಕ್ತಪಡಿಸತಕ್ಕದ್ದು. ಕಚೇರಿಯ ಆವರಣದ ಹೊರಗೆ ಅತ್ತದ್ದನ್ನು ಪರಿಗಣಿಸಲಾಗುವುದಿಲ್ಲ. ನೀರುಳ್ಳಿ ಹಿಡಿದುಕೊಂಡು ಬಂದವರನ್ನು ಅನರ್ಹಗೊಳಿಸಲಾಗುವುದು."

ಓದಿದವರೆಲ್ಲ ತಲೆ ಅಲ್ಲಾಡಿಸಿದರು. ನ್ಯಾಯವಾಗಿಯೇ ಉಂಟು. ತೊಡಕು ಇದ್ದದ್ದು ಒಂದೇ ಕಡೆ, ಅದು ಕನ್ನಡ.

ನಮ್ಮ ಕಡೆ ಸಿಟ್ಟು ಬರುವುದು ತುಳುವಿನಲ್ಲಿ. ಬ್ಯಾರಿಗಳಿಗೆ, ಅಂದರೆ ನಮ್ಮ ಕಡೆಯ ಮುಸ್ಲಿಮರಿಗೆ, ಬ್ಯಾರಿಯಲ್ಲಿ; ಕೊಂಕಣಿಯವರಿಗೆ ಕೊಂಕಣಿಯಲ್ಲಿ. ಅಳುವೂ ಹಾಗೆಯೇ. ಕನ್ನಡ ಎಂದರೆ ಮಾಸ್ಟ್ರ ಎದುರು, ಡಾಕ್ಟ್ರ ಎದುರು, ಬ್ಯಾಂಕಿನಲ್ಲಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮಾತಾಡುವ ಭಾಷೆ. ಬಾಯಿಗೆ ಕನ್ನಡ ಬಂದ ಕೂಡಲೇ ನಮ್ಮವರಿಗೆ ಕೈಕಟ್ಟಿ ನಿಲ್ಲುವ ಎಂದು ಆಗುತ್ತದೆ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ: ಶಿರ್ತಾಡಿಯ ಬಸ್ಸಿನಲ್ಲಿ ಒಬ್ಬನ ಕಾಲನ್ನು ಇನ್ನೊಬ್ಬ ತುಳಿದ. ತುಳಿದವ ಘಟ್ಟದವ ಎಂದು ತಿಳಿದು ಇವ ಕನ್ನಡಕ್ಕೆ ಇಳಿದ. "ತಾವು ದಯವಿಟ್ಟು ತಮ್ಮ ಪಾದವನ್ನು ತೆಗೆಯುವಂಥದ್ದು ಸಾಧ್ಯ ಉಂಟೋ?" ಎಂದು ಪೂರ್ತಿ ಕೇಳಿ ಮುಗಿಸುವಾಗ ಬೆಳ್ತಂಗಡಿ ಬಂದಿತ್ತು. ಇಬ್ಬರೂ ನಮಸ್ಕಾರ ಮಾಡಿ ಇಳಿದರು.

ಇಂಥ ಜನರಲ್ಲಿ ಖದೀಜಮ್ಮ ಮೊದಲನೆಯವರು. ಅವರಿಗೆ ಕನ್ನಡ ಮಾತಾಡುವಾಗ ನಗು ಬರುತ್ತದೆ. ನಾಚಿಕೆಯ ನಗು. ತಡೆಯಲಿಕ್ಕೆ ಆಗುವುದಿಲ್ಲ.

ಅವರು ಪಂಚಾಯತಿಗೆ ಹೋದಾಗ ನಾನೂ ಒಟ್ಟಿಗೆ ಇದ್ದೆ. ಶ್ರವಣ್ ಅವರು ಕುರ್ಚಿ ಕೊಟ್ಟರು.

"ಹೇಳಿ ಅಮ್ಮಾ, ಏನು ತೊಂದರೆ?"

"ನೀರು ಬರುವುದಿಲ್ಲ ಸಾರ್," ಎಂದರು ಖದೀಜಮ್ಮ, ನಗುತ್ತಾ.

"ತುಂಬಾ ಕಷ್ಟ ಆಗಿದೆಯಾ?"

"ತುಂಬಾ ಕಷ್ಟ ಉಂಟು ಸಾರ್." ನಗು ಇನ್ನೂ ಹೆಚ್ಚಾಯಿತು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದರು.

"ಸ್ವಲ್ಪ ಫೀಲ್ ಮಾಡಿ ಹೇಳಿ ಅಮ್ಮಾ. ನಾನು ಬರ್ಕೊಳ್ತೀನಿ."

"ಮಗಳ ಮದುವೆ ಉಂಟು ಸಾರ್. ಮದುವೆಗೆ ನೀರು ಇಲ್ಲದಿದ್ದರೆ ನನ್ನ ಮರ್ಯಾದೆ ಹೋಗುತ್ತದೆ." ಅಷ್ಟು ಹೇಳುವಾಗ ಅವರಿಗೆ ನಗು ತಡೆಯದೆ ಕೆಮ್ಮು ಬಂತು.

ಶ್ರವಣ್ ಅವರು ಬೇಸರದಿಂದಲೇ ಬರೆದರು: 'ದೂರುದಾರರು ಸಂತೋಷವಾಗಿ ಕಂಡುಬಂದಿರುತ್ತಾರೆ. ತುರ್ತು ಇಲ್ಲ.'

ಹೊರಗೆ ಬಂದದ್ದೇ ಖದೀಜಮ್ಮ, ನನ್ನೊಟ್ಟಿಗೆ ಯಾವಾಗಲೂ ಮಾತಾಡುವ ತುಳುವಿನಲ್ಲಿ ಶುರು ಮಾಡಿದರು. ಪಂಚಾಯತಿನ ಮೆಟ್ಟಿಲಿನಿಂದ ನಮ್ಮ ಗುಡ್ಡೆಯ ಬುಡದ ತನಕ ಅವರು ಹೇಳಿದ್ದರಲ್ಲಿ ಕಾಲು ಭಾಗವನ್ನು ಒಳಗೆ ಕನ್ನಡದಲ್ಲಿ ಹೇಳಿದ್ದರೆ ಮೋಟಾರು ತಾನೇ ನಡೆದುಕೊಂಡು ಬರುತ್ತಿತ್ತು.

"ಖದೀಜಮ್ಮ, ಹೆದರಬೇಡಿ," ಎಂದೆ ನಾನು. "ಕನ್ನಡದಲ್ಲಿ ಸಿಟ್ಟು ಹೇಗೆ ಮಾಡುವುದೆಂದು ಈ ಮೂರು ತಾಲೂಕಿನಲ್ಲಿ ಗೊತ್ತಿರುವವ ಒಬ್ಬನೇ ಒಬ್ಬ. ಅವ ನಿಮ್ಮ ಎದುರು ನಿಂತಿದ್ದಾನೆ."

ಇದು ಬಡಾಯಿ ಅಲ್ಲ. ಯಕ್ಷಗಾನ ಒಂದನ್ನು ಬಿಟ್ಟರೆ ನಮ್ಮ ಕಡೆ ಕನ್ನಡದಲ್ಲಿ ಯಾರು ಸಿಟ್ಟು ಮಾಡುತ್ತಾರೆ? ಒಮ್ಮೆ ಮೇಳದಲ್ಲಿ ರಕ್ಕಸನ ವೇಷದವರಿಗೆ ಗಂಟಲು ಕಟ್ಟಿತು. ಪರದೆ ಹಿಡಿದಿದ್ದ ನಾನೇ ಹಿಂದಿನಿಂದ ಒಂದು ಅಬ್ಬರ ಹೊಡೆದೆ. ವೇಣೂರಿನ ಕೋಳಿಗಳೆಲ್ಲ ಬೆಳಗಾಯಿತೆಂದು ತಿಳಿದು ಕೂಗಿದವು. ಸೂರ್ಯನೂ ಗಡಿಬಿಡಿಯಲ್ಲಿ ಅರ್ಧ ಮೇಲೆ ಬಂದು, ತಪ್ಪಾಯಿತೆಂದು ತಿಳಿದು ವಾಪಾಸು ಹೋದ. ಅಲ್ಲಿಯ ಹಳಬರನ್ನು ಕೇಳಿ. ಹಳಬರು ಯಾರೂ ಉಳಿದಿಲ್ಲ, ಅದು ಬೇರೆ.

ಮರುದಿನದಿಂದಲೇ ಖದೀಜಮ್ಮನ ಅಂಗಳದಲ್ಲಿ ತರಬೇತಿ. ನುಸ್ರತ್ ಜಗಲಿಯಲ್ಲಿ ಕೂತು ಮೊಬೈಲು ನೋಡುತ್ತಾ ನಮ್ಮನ್ನೂ ನೋಡುತ್ತಿದ್ದಳು.

"ನಾನು ಹೇಳಿದ ಹಾಗೆ ಹೇಳಿ," ಎಂದೆ. "ಎಲವೋ ಎಲವೋ ಅಭಿವೃದ್ಧಿ ಅಧಿಕಾರಿಯೇ!"

"ಎಲವೋ ಎಲವೋ ಅಭಿವೃದ್ಧಿ ಅಧಿಕಾರಿಯವರೇ," ಎಂದರು ಖದೀಜಮ್ಮ.

"'ಅವರೇ' ಬೇಡ ಮಾರಾಯ್ತಿ! ಸಿಟ್ಟಿನಲ್ಲಿ ಅವರೇ ಇವರೇ ಉಂಟೋ?"

"ಓದಿದ ಜನ ಅಲ್ವಾ ಭೋಜಣ್ಣ, ಹಾಗೆ ಹೇಳಿದರೆ ಅವರಿಗೆ ಬೇಜಾರಾಗುದಿಲ್ವಾ?"

"ಬೇಜಾರಾಗಬೇಕು! ಅದಕ್ಕೇ ಹೇಳುವುದು. ಹೂಂ, ಮುಂದೆ. ನೀರಿಲ್ಲದ ಈ ನೆಲದಲ್ಲಿ ನಿನ್ನ ದರ್ಪವಾದರೂ ಎಂಥದ್ದು? ಭಳಿರೇ!"

"ಭಳಿರೇ ಅಂದರೆ ಎಂತ?"

"ಅದಕ್ಕೆ ಅರ್ಥ ಇಲ್ಲ. ಸುಮ್ಮನೆ ಹೇಳುವುದು. ಪ್ರಕಟಣೆಯಲ್ಲಿ 'ತಕ್ಕದ್ದು' ಎಂದು ಹಾಕುವುದಿಲ್ಲವೋ, ಹಾಗೆ."

ನುಸ್ರತ್ ಜಗಲಿಯಿಂದ, "ಉಮ್ಮಾ, ಕಾಲು ಹೊಡಿಯಬೇಕು! ಭೋಜಣ್ಣ ಕಾಲು ಹೊಡಿತಾರೆ, ನೀವು ಕುಣಿಯುದೇ ಇಲ್ಲ," ಎಂದಳು.

"ನಿನ್ನ ಮದುವೆಗೆ ನಾನು ಕುಣಿಯುದು ಬಾಕಿ ಇತ್ತು," ಎಂದು ಖದೀಜಮ್ಮ ಮಗಳಿಗೆ ಹೊಡೆಯಲು ಕಸ ಗುಡಿಸುವ ಹಿಡಿಸೂಡಿ ಹುಡುಕಿದರು. ಅದರಲ್ಲಿ ಒಳ್ಳೆಯ ಭಾವನೆ ಇತ್ತು, ಆದರೆ ಬ್ಯಾರಿಯಲ್ಲಿ ಇತ್ತು.

ವಾರ ಕಳೆಯುವಾಗ ಖದೀಜಮ್ಮ ತಯಾರಾದರು. ಕೊನೆಯ ದಿನ ಅವರು ಹೊಡೆದ ಅಬ್ಬರಕ್ಕೆ ನನ್ನ ಹಲಸಿನ ಮರದಿಂದ ಕಾಯಿ ಬಿತ್ತು. ಇನ್ನೂ ಬಲಿಯದ ಕಾಯಿ. ಪಲ್ಯ ಮಾಡಿದೆವು.

ಅಷ್ಟರಲ್ಲಿ ಊರಿನವರೂ ಪದ್ಧತಿಗೆ ಹೊಂದಿಕೊಂಡಿದ್ದರು. ಪಂಚಾಯತಿನ ಹೊರಗೆ ಬೆಂಚಿನಲ್ಲಿ ಕೂತವರು ಒಬ್ಬರನ್ನೊಬ್ಬರು, "ನಿಮ್ಮದು ಎಂತ, ದುಃಖವೋ?" "ಅಲ್ಲ ಮಾರ್ರೆ, ನನ್ನದು ಬರೀ ಅಸಮಾಧಾನ, ಬೇಗ ಮುಗಿಯುತ್ತದೆ," ಎಂದು ವಿಚಾರಿಸಿಕೊಳ್ಳುತ್ತಿದ್ದರು. ಒಬ್ಬ ಯಾವುದೋ ಸರ್ಟಿಫಿಕೇಟು ಕೇಳಲು ಬಂದವ, ಕಾದು ಕಾದು ನಿಜವಾಗಿ ಸಿಟ್ಟು ಬಂದು ಮೇಜು ಗುದ್ದಿದ. ಅವನ ಮನೆಯ ಎದುರು ರಸ್ತೆಗೆ ಎರಡು ಹಂಪು ಮಂಜೂರಾಯಿತು. ಅವನು ಕೇಳಿರಲಿಲ್ಲ. ಆದರೂ ಈಗ ಅವನಿಗೆ ಅದರ ಮೇಲೆ ಪ್ರೀತಿ ಉಂಟು. ಸಂಜೆ ಹೊತ್ತು ಅಲ್ಲಿ ಕೂತು ವಾಹನಗಳು ಹಾರುವುದನ್ನು ನೋಡುತ್ತಾನೆ.

ಗ್ರಾಮಸಭೆಯ ದಿನ ಬಂತು. ನುಸ್ರತಳ ಮದುವೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಈ ಸಭೆ ತಪ್ಪಿದರೆ ಮದುವೆ ತಪ್ಪುವುದಿಲ್ಲ, ಮರ್ಯಾದೆ ತಪ್ಪುತ್ತದೆ. ಕಲ್ಲಡ್ಕದ ಬೀಗರು, ಮದುವೆಯನ್ನು ಹಾಲ್‌ನಲ್ಲಿಯೇ ಮಾಡುವ ಎಂದು ಮೆಲ್ಲನೆ ಹೇಳಲು ಶುರು ಮಾಡಿದ್ದರು. ಗಂಡನಿಗೆ ಕೊಟ್ಟ ಮಾತು ಗುಡ್ಡೆಯ ಮೇಲೆ ಒಣಗುತ್ತಾ ಇತ್ತು.

ವೇದಿಕೆಯಲ್ಲಿ ಶ್ರವಣ್ ಅವರು, ಪಕ್ಕದಲ್ಲಿ ಪಂಚಾಯತು ಅಧ್ಯಕ್ಷೆ ಶಶಿಪ್ರಭಾ. ಶಶಿಪ್ರಭಾ ನಮ್ಮ ಊರಿನವರೇ. ಎಲ್ಲರ ಭಾಷೆಯೂ ಬರುತ್ತದೆ, ಎಲ್ಲರ ಮನೆಯ ಒಳಗಿನ ವಿಷಯವೂ ಗೊತ್ತು. ಕೆಳಗೆ ಕುರ್ಚಿ ಸಾಲದೆ ಜನ ಕಿಟಕಿಯಲ್ಲಿ ನಿಂತಿದ್ದರು. ಇಷ್ಟು ಜನ ಗ್ರಾಮಸಭೆಗೆ ಹಿಂದೆ ಬಂದದ್ದೇ ಇಲ್ಲ. ಭಾವನೆ ಇರುವಲ್ಲಿ ಜನ ಸೇರುತ್ತಾರೆ.

ಖದೀಜಮ್ಮ ಎದ್ದು ನಿಂತರು. ನಾನು ಎದುರು ಸಾಲಿನಿಂದ ಕಣ್ಣಿನಲ್ಲೇ ತಾಳ ಕೊಟ್ಟೆ.

"ಎಲವೋ ಎಲವೋ ಅಭಿವೃದ್ಧಿ ಅಧಿಕಾರಿಯೇ!" ಎಂದು ಗುಡುಗಿದರು. "ಕೇಳುವಂಥವನಾಗು! ಈ ಕುಂಟಾಲಗುಡ್ಡೆಯ ಪ್ರಜೆಗಳು ನೀರಡಿಸಿ ಬಳಲುತ್ತಿರಲಾಗಿ, ನೀನು ಫ್ಯಾನಿನ ಅಡಿಯಲ್ಲಿ ವಿರಾಜಿಸುವೆಯಾ? ಭಳಿರೇ!" ಎಂದು ಕಾಲು ಹೊಡೆದರು.

ಸಭೆ ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ. ಹಿಂದಿನಿಂದ ಯಾರೋ "ಒಂದು ಪದ್ಯ ಆಗಲಿ!" ಎಂದು ಕೂಗಿದರು. ಶ್ರವಣ್ ಅವರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೈಕು ಹತ್ತಿರ ಎಳೆದುಕೊಂಡು ವಿಷಾದದಿಂದ ಹೇಳಿದರು:

"ತುಂಬಾ ಚೆನ್ನಾಗಿತ್ತು ಅಮ್ಮಾ. ಆದರೆ ಇದು ಭಾವನೆ ಅಲ್ಲ, ಕಲೆ. ಕಲೆ ನಮ್ಮ ಇಲಾಖೆಗೆ ಬರಲ್ಲ."

ಆಗ ಖದೀಜಮ್ಮನಿಗೆ ನಿಜವಾಗಿ ಸಿಟ್ಟು ಬಂತು. ಒಂದು ವಾರ ಕಾಲು ಹೊಡೆದ ನೋವು ಬೇರೆ. ಅವರು ಬ್ಯಾರಿಯಲ್ಲಿ ಶುರು ಮಾಡಿದರು. ಎಂಥ ಬೈಗುಳ! ನಾನು ಮೂರು ಮೇಳ ತಿರುಗಿದವ, ಅಂಥದ್ದು ಕೇಳಿರಲಿಲ್ಲ. ಮುಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿಕೊಂಡು, ಕೇಳದೆ ಹೋದೀತೆಂದು ಬೆರಳಿನ ನಡುವೆ ಸ್ವಲ್ಪ ಸಂದು ಬಿಟ್ಟುಕೊಂಡರು.

"ಏನು ಹೇಳ್ತಿದ್ದಾರೆ?" ಎಂದು ಶ್ರವಣ್ ಅವರು ಶಶಿಪ್ರಭಾರನ್ನು ಕೇಳಿದರು. "ದಯವಿಟ್ಟು ಅನುವಾದ ಮಾಡಿ, ನಡಾವಳಿಗೆ ಬೇಕು."

ಶಶಿಪ್ರಭಾ ಗಂಟಲು ಸರಿ ಮಾಡಿಕೊಂಡು, ನಮ್ಮ ಊರಿನ ನಿಧಾನದ ಕನ್ನಡದಲ್ಲಿ ಹೇಳಿದರು: "ಅಧಿಕಾರಿಗಳು ನಮ್ಮ ಗ್ರಾಮದಲ್ಲಿ ಇನ್ನೂ ಹೆಚ್ಚು ಕಾಲ ಇರುವಂಥದ್ದು ಅಗತ್ಯವಿಲ್ಲ ಎಂಬುದಾಗಿ ಅಭಿಪ್ರಾಯಪಡುತ್ತಾರೆ."

"ಹೌದಾ. ಮತ್ತೆ?"

"ಅಧಿಕಾರಿಗಳ ತಲೆಯ ಒಳಗೆ ಇರುವ ಸ್ಥಳಾವಕಾಶದ ಬಗ್ಗೆಯೂ ಪ್ರಸ್ತಾಪಿಸಿದ್ದಾರೆ."

"ಏನಂತೆ?"

"ತುಂಬಾ ಉಂಟಂತೆ. ಖಾಲಿಯೇ ಉಂಟಂತೆ."

"ಥ್ಯಾಂಕ್ಸ್ ಹೇಳಿ. ಈಗ ಆ ಉದ್ದಕ್ಕೆ ಹೇಳಿದ್ದು?"

ಶಶಿಪ್ರಭಾ ಸ್ವಲ್ಪ ಹೊತ್ತು ಮೇಲೆ ಹೆಂಚು ನೋಡಿದರು. "ಅಧಿಕಾರಿಗಳ ಹಿರಿಯರ ಯೋಗಕ್ಷೇಮವನ್ನು, ತಲೆಮಾರು ತಲೆಮಾರಾಗಿ, ಒಬ್ಬೊಬ್ಬರದ್ದೇ ವಿಚಾರಿಸಿದ್ದಾರೆ."

ಶ್ರವಣ್ ಅವರು ಎದ್ದು ಕೈಮುಗಿದರು. "ಇಷ್ಟೊಂದು ಆತ್ಮೀಯತೆ ನಾನು ಬೇರೆಲ್ಲೂ ನೋಡಿಲ್ಲ. ಆದರೆ ನಿಯಮ ನಿಯಮವೇ. ಅನುವಾದದಲ್ಲಿ ಭಾವನೆ ಉಳಿದಿಲ್ಲ. ಕನ್ನಡದಲ್ಲಿ ನೇರವಾಗಿ ಬರಬೇಕು. ಮುಂದಿನ ದೂರು?"

ಖದೀಜಮ್ಮ ಕೂರಲಿಲ್ಲ. ಹೋಗಲೂ ಇಲ್ಲ. ನಡುವಿನಲ್ಲಿ ಹಾಗೆಯೇ ನಿಂತರು. ಶಶಿಪ್ರಭಾ ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮನೆಯ ಮಾತಿನ ಹಾಗೆ, ಆದರೆ ಕನ್ನಡದಲ್ಲಿಯೇ ಕೇಳಿದರು:

"ಖದೀಜಮ್ಮ, ಮದುವೆಗೆ ಎಲ್ಲ ತಯಾರಿ ಆಯ್ತಾ?"

"ಆಯ್ತು," ಎಂದರು ಖದೀಜಮ್ಮ. ಕನ್ನಡ ಬಂದ ಕಾರಣ ನಗುವೂ ಬಂತು. "ಬಟ್ಟೆ ಆಯ್ತು. ಮದರಂಗಿಗೆ ಹೇಳಿ ಆಯ್ತು. ನೀರು ಮಾತ್ರ ಆಗಲಿಲ್ಲ."

"ನುಸ್ರತ್ ಕಲ್ಲಡ್ಕಕ್ಕೆ ಹೋಗ್ತಾಳಲ್ಲ, ನಿಮಗೆ ಬೇಜಾರು ಉಂಟಾ?"

"ಎಂತ ಬೇಜಾರು ಅಮ್ಮಾ, ಹತ್ತಿರವೇ ಅಲ್ವಾ," ಎಂದರು, ನಗುತ್ತಾ. "ಬಸ್ಸು ಉಂಟು. ಅವಳು ಸಣ್ಣದಿರುವಾಗ ಅವಳ ತಲೆಗೆ ನಾನೇ ನೀರು ಹಾಕುದು. ಈಗ್ಲೂ ಶುಕ್ರವಾರ ನಾನೇ ಹಾಕ್ಬೇಕು ಅಂತ ಹೇಳ್ತಾಳೆ, ಅಷ್ಟು ದೊಡ್ಡ ಹುಡುಗಿ. ಹೋಗುವ ದಿನ ಬೆಳಿಗ್ಗೆ ಕೊನೆಗೆ ಒಂದು ಸರ್ತಿ ನಾನೇ ಹಾಕ್ತೇನೆ ಅಂತ... ಒಂದು ಕೊಡ ನೀರು ಸಾಕಿತ್ತು..."

ಅಲ್ಲಿ ನಗು ನಿಂತಿತು. ಆಮೇಲೆ ಖದೀಜಮ್ಮ ಅತ್ತರು. ಶಬ್ದ ಹೆಚ್ಚೇನೂ ಇರಲಿಲ್ಲ. ಕನ್ನಡದಲ್ಲಿ ಅತ್ತರು. ಕನ್ನಡದಲ್ಲಿ ಹೇಗೆ ಎಂದು ಕೇಳಬೇಡಿ, ಅಲ್ಲಿ ಇದ್ದವರಿಗೆ ಗೊತ್ತು. ನಾನು ಕಲಿಸಿದ್ದು ಅದಲ್ಲ. ಆದರೆ ನಾನು ಕಲಿಸದೆ ಇದ್ದರೆ ಅದು ಬರುತ್ತಿತ್ತೋ? ಬರುತ್ತಿರಲಿಲ್ಲ ಎಂದೇ ನನ್ನ ಲೆಕ್ಕ.

ಕಿಟಕಿಯಲ್ಲಿ ನಿಂತವರು ಮೂಗು ಒರೆಸಿಕೊಂಡರು. ಶ್ರವಣ್ ಅವರ ಕನ್ನಡಕ ಮಂಜಾಯಿತು. "ನಮ್ಮಮ್ಮನೂ ಹೀಗೇ..." ಎಂದು ಹೇಳಲು ಹೋಗಿ, ಮೈಕು ಚಾಲೂ ಇದ್ದದ್ದು ನೆನಪಾಗಿ ನಿಲ್ಲಿಸಿದರು.

ಒಬ್ಬ ಸದಸ್ಯರು ಎದ್ದು, "ಇಷ್ಟು ಕಣ್ಣೀರು ಬರಬೇಕಾದರೆ ಗುಡ್ಡೆಯಲ್ಲಿ ನೀರಿನ ಅಂಶ ಸಾಕಷ್ಟು ಉಂಟಲ್ಲ?" ಎಂದು ಆಕ್ಷೇಪ ತೆಗೆದರು. ಆಕ್ಷೇಪದಲ್ಲಿ ಭಾವನೆ ಇಲ್ಲದ ಕಾರಣ ಅದನ್ನು ತಳ್ಳಿಹಾಕಲಾಯಿತು.

ಶ್ರವಣ್ ಅವರು ಅಲ್ಲಿಯೇ ಆದೇಶ ಬರೆದರು: 'ದುಃಖವನ್ನು ಖುದ್ದು ಪರಿಶೀಲಿಸಲಾಗಿದೆ. ತೃಪ್ತಿಕರವಾಗಿದೆ. ಮೋಟಾರನ್ನು ಬಿಡುಗಡೆ ಮಾಡತಕ್ಕದ್ದು.' ದುಃಖ ಮಗಳಿಗಾಗಿ, ಮೋಟಾರು ನೀರಿಗಾಗಿ. ಎರಡಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಸಂಬಂಧ ಇರಬೇಕೆಂದು ಪ್ರಕಟಣೆಯಲ್ಲಿ ಎಲ್ಲಿಯೂ ಇರಲಿಲ್ಲ.

ಸಂಜೆಗೇ ಮೋಟಾರು ಬಂತು. ರವೂಫರು ತಾವೇ ಜೀಪಿನಲ್ಲಿ ಒಟ್ಟಿಗೆ ಕೂತು, ಮಗುವನ್ನು ತಂದ ಹಾಗೆ ತಂದರು. ನೀರು ಹತ್ತಿತು. ನಮ್ಮ ಮೋಟಾರು ಅಷ್ಟು ದಿನ ವಿಶ್ರಾಂತಿ ತೆಗೆದುಕೊಂಡದ್ದಲ್ಲವೋ, ಮೊದಲ ದಿನ ನೀರು ಟ್ಯಾಂಕಿಯಲ್ಲಿ ನಿಲ್ಲದೆ ಮೇಲಕ್ಕೆ ಹಾರಿ, ಮೂಡುಬಿದಿರೆಯಲ್ಲಿ ಕೆಲವರು ಕೊಡೆ ಬಿಡಿಸಿದರು. ಮದುವೆ ಅಂಗಳದಲ್ಲಿಯೇ ಆಯಿತು. ಊಟಕ್ಕೆ ಊರು ಪೂರ್ತಿ ಬಂತು. ಶ್ರವಣ್ ಅವರೂ ಬಂದು, ಎರಡು ಸಲ ಬಿರಿಯಾನಿ ಹಾಕಿಸಿಕೊಂಡು, 'ಬರ್ಪೆ' ಎಂದು ಹೇಳಿ ಸಾಯಂಕಾಲದ ತನಕ ಕೂತರು. ಹೋಗುವ ದಿನ ಬೆಳಿಗ್ಗೆ ಖದೀಜಮ್ಮ ಬಚ್ಚಲಿನಲ್ಲಿ ಮಗಳ ತಲೆಗೆ ಎಷ್ಟು ಕೊಡ ನೀರು ಹಾಕಿದರು ಎಂದು ನನಗೆ ಗೊತ್ತಿಲ್ಲ. ನನ್ನ ಅಂಗಳಕ್ಕೆ ಹರಿದು ಬಂದ ನೀರನ್ನು ನೋಡಿದರೆ ಕಡಿಮೆ ಏನೂ ಹಾಕಿರಲಿಕ್ಕಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆಡಳಿತ ಮುಗಿಯುವುದಿಲ್ಲ.

ನೀರು ಬಂದ ಮೇಲೆ ಗುಡ್ಡೆಯವರೆಲ್ಲ ನಗುತ್ತಾ ತಿರುಗಾಡುತ್ತಿದ್ದರು. ಇದು ಪಂಚಾಯತಿನ ಗಮನಕ್ಕೆ ಬಂತು. ದುಃಖದ ಆಧಾರದಲ್ಲಿ ಮಂಜೂರಾದ ಮೋಟಾರು, ದುಃಖವೇ ಇಲ್ಲದ ಕಡೆ ಓಡುತ್ತಿದ್ದರೆ ಮೇಲಿನವರಿಗೆ ಉತ್ತರ ಕೊಡುವವರು ಯಾರು? ಶ್ರವಣ್ ಅವರಿಗೆ ರಾತ್ರಿ ನಿದ್ರೆ ಬರಲಿಲ್ಲವಂತೆ. ಬಾಗಿಲಿಗೆ ಎರಡನೆಯ ಪ್ರಕಟಣೆ ಅಂಟಿತು:

"ಸೌಲಭ್ಯದ ಮಂಜೂರಾತಿಗೆ ಆಧಾರವಾದ ಭಾವನೆಯು ಸೌಲಭ್ಯದ ಬಳಕೆಯ ಅವಧಿಯಲ್ಲಿಯೂ ಮುಂದುವರಿದಿರತಕ್ಕದ್ದು. ನೀರು ಬಿಡುವ ನೌಕರರು ಪ್ರತಿ ಸಲವೂ ಫಲಾನುಭವಿಗಳ ದುಃಖವನ್ನು ಖಾತ್ರಿಪಡಿಸಿಕೊಂಡೇ ವಾಲ್ವು ತಿರುಗಿಸತಕ್ಕದ್ದು. ನಗುವುದು ಕಂಡುಬಂದಲ್ಲಿ ನೀರು ನಿಲ್ಲಿಸಲಾಗುವುದು."

ವಾಲ್ವು ತಿರುಗಿಸುವವ ಧರ್ಣಪ್ಪ. ಅವನಿಗೆ ಗುಡ್ಡೆ ಹತ್ತಿ ಖಾತ್ರಿ ಮಾಡಲು ಮೊಣಕಾಲು ಬಿಡುವುದಿಲ್ಲ. ಆದ್ದರಿಂದ ಕೆಳಗಿನಿಂದಲೇ ಕೇಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಖದೀಜಮ್ಮ ಮೊದಲು, "ಎಂಚಿನ ಮಾರಾಯ ಇದು, ನೀರು ಬಂದದ್ದಕ್ಕೆ ಅಳುದಾ?" ಎಂದು ಕೇಳಿದರು. ಆಮೇಲೆ ಬರಿದಾದ ಕೊಡವನ್ನು ನೋಡಿ, "ಆಯ್ತು, ಅಳುವ," ಎಂದರು.

ಈಗ ಬೆಳಿಗ್ಗೆ ನಳ್ಳಿಯ ಹತ್ತಿರ ಗುಡ್ಡೆಯವರೆಲ್ಲ ಕೊಡ ಹಿಡಿದು ಸೇರುತ್ತೇವೆ. ನಾನು ಶ್ರುತಿ ಕೊಡುತ್ತೇನೆ. ಹಿಂದೂಗಳು, ಬ್ಯಾರಿಗಳು, ಎಲ್ಲರೂ ಒಟ್ಟಿಗೆ, ಒಂದೇ ಧ್ವನಿಯಲ್ಲಿ, ಕನ್ನಡದಲ್ಲಿ ಅಳುತ್ತೇವೆ. ಇಂಥ ಸೌಹಾರ್ದ ಬೇರೆ ಊರಿನಲ್ಲಿ ಇದ್ದರೆ ತೋರಿಸಿ.

ಒಮ್ಮೊಮ್ಮೆ ಕೆಳಗಿನಿಂದ ಧರ್ಣಪ್ಪ ಕೂಗುತ್ತಾನೆ: "ಓಯ್! ಅಳು ಕೇಳಲಿಲ್ಲ!"

"ಅತ್ತೆವಲ್ಲ ಮಾರಾಯ!"

"ಗಾಳಿ ಆಚೆ ಬೀಸ್ತಾ ಉಂಟು, ಇನ್ನೊಂದು ಸರ್ತಿ ಅಳಿ! ಮತ್ತೆ ಯಾರೋ ತುಳುವಿನಲ್ಲಿ ಅತ್ತ ಹಾಗೆ ಕೇಳಿತು, ಅದು ಬೇಡ!"

ಮೊನ್ನೆ ಕಲ್ಲಡ್ಕದಿಂದ ನುಸ್ರತಳ ಅತ್ತೆ ಮೊದಲ ಸಲ ನೆಂಟಸ್ತಿಕೆಗೆ ಬಂದರು. ಜೊತೆಗೆ ಸೊಸೆಯೂ ಇದ್ದಳು. ಬೆಳಗಿನ ಬಸ್ಸಿಗೆ ಇಳಿದು ಗುಡ್ಡೆ ಹತ್ತುವಾಗಲೇ ಮೇಲಿನಿಂದ ಗೋಳು ಕೇಳಿಸಿತು. ಹೆಂಗಸು ಹೆದರಿ, ತಲೆಯ ಮೇಲಿನ ಶಾಲು ಸರಿ ಮಾಡಿಕೊಂಡು, ಓಡೋಡಿ ಬಂದರು. ನಳ್ಳಿಯ ಹತ್ತಿರ ಖದೀಜಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಯಾ ಅಲ್ಲಾಹ್, ಯಾರು ಹೋದದ್ದು?" ಎಂದು ಅತ್ತೆ ಎದೆಗೆ ಕೈ ಇಟ್ಟು ಕೇಳಿದರು.

"ಯಾರೂ ಹೋಗಲಿಲ್ಲ," ಎಂದರು ಖದೀಜಮ್ಮ, ಅಳು ನಿಲ್ಲಿಸದೆ, ಒಂದು ಕೈಯಲ್ಲಿ ಮಗಳ ಗಲ್ಲ ಸವರುತ್ತಾ. "ನೀರು ಬಂತು. ಬನ್ನಿ, ಒಳಗೆ ಕೂತುಕೊಳ್ಳಿ, ಚಾ ಮಾಡ್ತೇನೆ."

ಅತ್ತೆ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಮರ್ಯಾದಸ್ಥ ಮನೆತನದವರು. ಬಂದ ಮನೆಯ ರಿವಾಜು ಎಂದು ತಿಳಿದು, ಚೀಲವನ್ನು ಕೆಳಗಿಟ್ಟು, ಅವರೂ ಸ್ವಲ್ಪ ಅತ್ತರು. ಕೊಡ ತುಂಬಿತು.